ಅಶ್ಶೂರ ಕೊಟ್ಟ ತಮ್ಮ: ಎಸರ್ಹದ್ದೋನನ ಮನೆತನ ಮತ್ತು ಅದರ ವಾರಸುದಾರರು

ಇಂದಿನ ಇರಾಕಿನ ಉತ್ತರಭಾಗದಲ್ಲಿದ್ದ ಪ್ರಾಚೀನ ಅಸ್ಸೀರಿಯಾದ ಅರಮನೆಯಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಅವುಗಳ ಅರ್ಥ ಬಿಡಿಸುತ್ತಾ ಹೋದರೆ, ಆ ಮನೆಯನ್ನು ಯಾವ ಚಿಂತೆ ಕಾಡುತ್ತಿತ್ತೆಂಬುದು ತಾನಾಗಿಯೇ ತಿಳಿದುಬರುತ್ತದೆ. ಕ್ರಿ.ಪೂ. 705ರಲ್ಲಿ ಪಟ್ಟಕ್ಕೆ ಬಂದ ಸೆನ್ನಾಕೆರಿಬನ ಹೆಸರು ಅಕ್ಕಾದಿ ಭಾಷೆಯಲ್ಲಿ ‘ಸಿನ್-ಅಹ್ಹೆ-ಎರಿಬ’. ಅಂದರೆ, ಚಂದ್ರದೇವನಾದ ಸಿನ್ ತೀರಿಹೋದ ಅಣ್ಣಂದಿರ ಬದಲಿಗೆ ಇವನನ್ನು ಕೊಟ್ಟಿದ್ದಾನೆ ಎಂದು. ಅವನಿಗಿಂತ ಮೊದಲು ಹುಟ್ಟಿದವರು ಉಳಿಯಲಿಲ್ಲವೆಂಬ ಮಾತು ಆ ಒಂದು ಹೆಸರಿನೊಳಗೇ ಅಡಗಿದೆ. ಅವನ ಮಗ ಎಸರ್ಹದ್ದೋನ ‘ಅಶ್ಶೂರ್-ಅಹು-ಇದ್ದಿನ’, ಅಶ್ಶೂರ ದೇವರು ಕೊಟ್ಟ ಸಹೋದರ. ಈ ಹೆಸರಿನ ಮಗು ಚೊಚ್ಚಲದ್ದಾಗಿರಲು ಸಾಧ್ಯವಿಲ್ಲ. ಸಹೋದರ ಎಂದು ಕರೆಸಿಕೊಳ್ಳಬೇಕಾದರೆ ಮನೆಯಲ್ಲಿ ಮೊದಲೇ ಒಬ್ಬ ಅಣ್ಣನಾದರೂ ಇರಬೇಕು. ಎಸರ್ಹದ್ದೋನನ ಗಂಡುಮಕ್ಕಳಲ್ಲಿ ಒಬ್ಬ ಅಶುರ್‌ಬನಿಪಾಲ, ‘ಅಶ್ಶೂರನೇ ವಾರಸುದಾರನ ಸೃಷ್ಟಿಕರ್ತ’. ಇನ್ನೊಬ್ಬ ಶಮಶ್-ಶುಮು-ಉಕಿನ್, ‘ಸೂರ್ಯದೇವ ಶಮಶ್ ಹೆಸರನ್ನು ಸ್ಥಿರಗೊಳಿಸಿದ್ದಾನೆ’.

ಈ ಕೊನೆಯ ಹೆಸರಿನಲ್ಲಿರುವ ‘ಶುಮು’ ಎಂಬ ಮಾತಿಗೆ ಅಕ್ಕಾದಿಯಲ್ಲಿ ಹೆಸರು ಎಂಬ ಅರ್ಥವೂ ಉಂಟು, ವಾರಸುದಾರ ಎಂಬ ಅರ್ಥವೂ ಉಂಟು. ಇದನ್ನು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ‘ಹೆಸರು ಹೇಳುವುದಕ್ಕೆ ಒಬ್ಬ ಮಗ’, ‘ಅಪ್ಪನ ಹೆಸರು ಉಳಿಸಿದ’ ಎಂದು ನಾವು ಇಂದಿಗೂ ಆಡುವಾಗ ಹೆಸರು ಮತ್ತು ಸಂತಾನ ಒಂದೇ ವಸ್ತುವಿನ ಎರಡು ಮುಖಗಳೆಂದೇ ಭಾವಿಸಿರುತ್ತೇವೆ. ತಾಯಿತಂದೆಯರು ಹೀಗೆ ದೇವರ ಹೆಸರಿನಲ್ಲಿ ಸ್ಥಿರಪಡಿಸಲು ಬಯಸಿದ್ದು ಸಹೋದರರ ಕೈಯಲ್ಲೇ ಹೇಗೆ ಸಡಿಲಗೊಂಡಿತು, ಅದನ್ನು ಹಿಡಿದಿಡಲು ಎಸರ್ಹದ್ದೋನನೆಂಬ ಅರಸ ಎಂತಹ ಪ್ರಯತ್ನ ಮಾಡಿದ ಎಂಬುದು ಈ ಉಪನ್ಯಾಸದ ವಿಷಯ. ಮಾತಾಡುವಾಗ ಪರದೆಯ ಮೇಲೆ ತೋರಿಸಿದ ಚಿತ್ರಗಳು ಈ ಬರಹದಲ್ಲಿ ಇಲ್ಲವಾದ್ದರಿಂದ ಅವುಗಳನ್ನು ಮಾತಿನಲ್ಲೇ ವಿವರಿಸಿದ್ದೇನೆ.

ಕಥೆ ಎಸರ್ಹದ್ದೋನನ ತಂದೆಯಿಂದ ಆರಂಭವಾಗಬೇಕು. ಬೈಬಲ್ ಓದಿದವರಿಗೆ ಸನ್ಹೇರೀಬನೆಂದು ಪರಿಚಿತನಾದ ಸೆನ್ನಾಕೆರಿಬ ಇಂದಿನ ಇರಾಕಿನ ಮೊಸುಲ್ ನಗರದ ಎದುರು ದಂಡೆಯಲ್ಲಿದ್ದ ನಿನೆವೆಯನ್ನು ತನ್ನ ರಾಜಧಾನಿಯಾಗಿ ಮಾಡಿಕೊಂಡು, ಅಲ್ಲಿ ಕಟ್ಟಿಸಿದ ಅರಮನೆಯ ಒಂದು ಭಾಗವನ್ನು ರಾಣಿ ತಶ್ಮೇತು-ಶರ್ರತಳಿಗಾಗಿ ಮೀಸಲಿಟ್ಟ. ಆ ಭಾಗದ ಶಾಸನದಲ್ಲಿ ಅವಳನ್ನು ‘ನನ್ನ ಪ್ರೀತಿಯ ಹೆಂಡತಿ, ಸೃಷ್ಟಿದೇವತೆ ಎಲ್ಲ ಹೆಂಗಸರಿಗಿಂತ ಸುಂದರವಾಗಿ ರೂಪಿಸಿದವಳು’ ಎಂದು ಕರೆದು, ತಾವಿಬ್ಬರೂ ಈ ಮನೆಯಲ್ಲಿ ಆರೋಗ್ಯದಿಂದ, ಸಂತೋಷದಿಂದ ದಿನ ಕಳೆಯುವಂತಾಗಲಿ ಎಂದು ಹಾರೈಸಿದ್ದಾನೆ. ಊರುಗಳನ್ನು ಸುಟ್ಟ ಲೆಕ್ಕವನ್ನೇ ಸಾಲುಗಟ್ಟಲೆ ಕೆತ್ತಿಸುತ್ತಿದ್ದ ಅಸ್ಸೀರಿಯಾದ ಅರಸರ ಶಾಸನಗಳಲ್ಲಿ ಇಂತಹ ಸಾಲು ಅಪರೂಪ. ಅದನ್ನು ಓದಿದಾಗಲೆಲ್ಲ ನನಗೆ ಮುಂದಿನ ಘಟನೆಗಳ ಭಾರ ಇನ್ನೂ ಹೆಚ್ಚಾಗಿ ತಟ್ಟುತ್ತದೆ.

ಸೆನ್ನಾಕೆರಿಬನ ಹಿರಿಯ ಮಗ ಅಶ್ಶೂರ್-ನಾದಿನ್-ಶುಮಿಯನ್ನು ಕ್ರಿ.ಪೂ. 700ರಲ್ಲಿ ಬ್ಯಾಬಿಲೋನಿನ ಸಿಂಹಾಸನದ ಮೇಲೆ ಕೂರಿಸಲಾಯಿತು. ಆರು ವರ್ಷಗಳ ನಂತರ, ಕ್ರಿ.ಪೂ. 694ರಲ್ಲಿ, ಇಂದಿನ ಇರಾನಿನ ನೈಋತ್ಯದಲ್ಲಿದ್ದ ಏಲಾಮ್ ರಾಜ್ಯದ ಅರಸ ಅವನನ್ನು ಸೆರೆಹಿಡಿದು ಒಯ್ದ. ಅವನು ಮರಳಿ ಬರಲಿಲ್ಲ. ಮಗನನ್ನು ಕಳೆದುಕೊಂಡ ತಂದೆ ಕ್ರಿ.ಪೂ. 689ರಲ್ಲಿ ಬ್ಯಾಬಿಲೋನನ್ನು ಹಿಡಿದು, ಗುಡಿಗೋಪುರಗಳ ಸಮೇತ ಅದನ್ನು ನೆಲಸಮ ಮಾಡಿಸಿದ. ಈ ವಿನಾಶಕ್ಕೆ ರಾಜಕಾರಣದ ಕಾರಣಗಳೂ ಇದ್ದವು, ನಿಜ. ಆದರೆ ಪುತ್ರಶೋಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅದನ್ನು ಅರ್ಥ ಮಾಡಿಕೊಳ್ಳಲು ಬರುವುದಿಲ್ಲವೆಂದು ನಾನು ತಿಳಿದಿದ್ದೇನೆ. ಹಿರಿಯವನು ಹೋದ ಮೇಲೆ ಯುವರಾಜ ಪದವಿ ಅರ್ದ-ಮುಲಿಸ್ಸು ಎಂಬ ಮಗನಿಗೆ ಬಂತು. ಹಲವು ವರ್ಷ ಅವನೇ ಮುಂದಿನ ಅರಸನೆಂದು ಇಡೀ ದೇಶ ನಂಬಿಕೊಂಡಿತ್ತು.

ಕ್ರಿ.ಪೂ. 683ರ ಸುಮಾರಿಗೆ ಸೆನ್ನಾಕೆರಿಬ ಆ ನಂಬಿಕೆಯನ್ನು ಮುರಿದು, ಎಲ್ಲರಿಗಿಂತ ಕಿರಿಯವನಾದ ಎಸರ್ಹದ್ದೋನನನ್ನು ಯುವರಾಜನೆಂದು ಸಾರಿದ. ಮುಂದೆ ಅರಸನಾದ ಎಸರ್ಹದ್ದೋನ ತನ್ನ ಶಾಸನದಲ್ಲಿ ಈ ಸಂಗತಿಯನ್ನು ಮರೆಮಾಚದೆ, ‘ನಾನು ನನ್ನ ಅಣ್ಣಂದಿರ ಕಿರಿಯ ತಮ್ಮ’ ಎಂದೇ ಆರಂಭಿಸುತ್ತಾನೆ. ತಂದೆ ಶಮಶ್ ಮತ್ತು ಅದದ್ ದೇವರುಗಳ ಮುಂದೆ ಶಕುನ ಕೇಳಿಸಿದಾಗ, ‘ಇವನೇ ನಿನ್ನ ಬದಲಿಗೆ ನಿಲ್ಲುವವನು’ ಎಂಬ ದೃಢವಾದ ಉತ್ತರ ಬಂತು ಎನ್ನುತ್ತಾನೆ. ಅಸ್ಸೀರಿಯಾದ ಚಿಕ್ಕವರು ದೊಡ್ಡವರನ್ನೂ ತನ್ನ ಅಣ್ಣಂದಿರನ್ನೂ ಒಟ್ಟುಗೂಡಿಸಿ ತಂದೆ ಪ್ರಮಾಣ ಮಾಡಿಸಿದನೆಂದು ಹೇಳುತ್ತಾನೆ. ಸೆನ್ನಾಕೆರಿಬ ಕಿರಿಯ ಮಗನಿಗೆ ಚಿನ್ನದ ಬಳೆ ಮುಂತಾದವುಗಳನ್ನು ಕೊಟ್ಟುದನ್ನು ದಾಖಲಿಸುವ ಒಂದು ಪತ್ರವೂ ಸಿಕ್ಕಿದೆ. ಅದರಲ್ಲಿ ಎಸರ್ಹದ್ದೋನನ ಹೆಸರು ಇನ್ನು ಮುಂದೆ ‘ಅಶ್ಶೂರ್-ಎತೆಲ್-ಇಲಾನಿ-ಮುಕಿನ್-ಅಪ್ಲಿ’ ಎಂದಾಗಬೇಕೆಂದು ಬರೆದಿದೆ. ಅದರ ಅರ್ಥ ‘ದೇವರುಗಳ ಒಡೆಯನಾದ ಅಶ್ಶೂರನು ವಾರಸುದಾರನನ್ನು ನೆಲೆಗೊಳಿಸುವವನು’ ಎಂದು. ‘ಸಹೋದರ’ ಎಂಬ ಮಾತು ಆ ಹೆಸರಿನಿಂದ ಹೊರಬಿದ್ದು, ಅದರ ಜಾಗಕ್ಕೆ ‘ವಾರಸುದಾರ’ ಬಂದದ್ದನ್ನು ಗಮನಿಸಿ. ಅಣ್ಣಂದಿರು ಇದನ್ನು ಗಮನಿಸದೆ ಇದ್ದಿರಲಾರರು.

ಕಿರಿಯವನನ್ನೇ ಆರಿಸಿದ್ದೇಕೆ ಎಂಬ ಪ್ರಶ್ನೆಗೆ ಹೆಚ್ಚಿನ ವಿದ್ವಾಂಸರು ಅವನ ತಾಯಿಯ ಕಡೆ ಬೆರಳು ತೋರಿಸುತ್ತಾರೆ. ಅವಳ ಹೆಸರು ನಕಿಯಾ. ಈ ಹೆಸರು ಅಕ್ಕಾದಿಯದಲ್ಲ, ಪಶ್ಚಿಮದ ಸೆಮಿಟಿಕ್ ನುಡಿಯೊಂದರದು. ‘ಶುದ್ಧಳು’ ಎಂಬ ಅದೇ ಅರ್ಥವನ್ನು ಅಕ್ಕಾದಿಗೆ ತಂದು ಅವಳನ್ನು ಝಕುತು ಎಂದೂ ಕರೆಯುತ್ತಿದ್ದರು. ಹುಟ್ಟಿದ ಮನೆಯ ಹೆಸರನ್ನೂ ಸೇರಿದ ಮನೆಯ ಹೆಸರನ್ನೂ ಹೊತ್ತು ಬಾಳಿದ ಈ ಹೆಂಗಸು ಗಂಡ, ಮಗ, ಮೊಮ್ಮಗ ಮೂವರ ಆಳ್ವಿಕೆಯನ್ನೂ ಕಂಡಳು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಒಂದು ಕಂಚಿನ ಫಲಕದಲ್ಲಿ ಅರಸನ ಹಿಂದೆಯೇ, ಕೈಯಲ್ಲಿ ಕನ್ನಡಿ ಹಿಡಿದು, ಅವನಷ್ಟೇ ಎತ್ತರವಾಗಿ ಅವಳು ನಿಂತಿದ್ದಾಳೆ. ಅಸ್ಸೀರಿಯಾದ ಶಿಲ್ಪದಲ್ಲಿ ಅರಸನ ಜೊತೆ ಹೆಂಗಸು ಹೀಗೆ ನಿಲ್ಲುವುದು ತೀರ ವಿರಳ.

ಅಣ್ಣಂದಿರ ಮತ್ಸರ ಎಷ್ಟು ಬೆಳೆಯಿತೆಂದರೆ, ಎಸರ್ಹದ್ದೋನ ರಾಜಧಾನಿಯನ್ನು ಬಿಟ್ಟು ಪಶ್ಚಿಮದ ಕಡೆ ಮರೆಯಾಗಿ ಇರಬೇಕಾಯಿತು. ಕ್ರಿ.ಪೂ. 681ನೆಯ ವರ್ಷದ ತೆಬೆತು ಮಾಸದ 20ನೆಯ ದಿನ ಸೆನ್ನಾಕೆರಿಬನ ಕೊಲೆಯಾಯಿತು. ‘ಅಸ್ಸೀರಿಯಾದ ಅರಸನನ್ನು ಅವನ ಮಗ ದಂಗೆಯಲ್ಲಿ ಕೊಂದ’ ಎಂದು ಬ್ಯಾಬಿಲೋನಿನ ವೃತ್ತಾಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಯಾವ ಮಗ ಎಂದು ಅದು ಹೇಳುವುದಿಲ್ಲ. ಬೈಬಲಿನ ಅರಸುಗಳ ಎರಡನೆಯ ಪುಸ್ತಕ ಅದ್ರಮ್ಮೆಲೆಕ್ ಮತ್ತು ಸರೆಚೆರ್ ಎಂಬ ಇಬ್ಬರ ಹೆಸರು ಕೊಡುತ್ತದೆ. ಆದರೆ ಈ ಹೆಸರುಗಳಿಗೆ ಹೊಂದುವ ರಾಜಪುತ್ರರು ಅಸ್ಸೀರಿಯಾದ ದಾಖಲೆಗಳಲ್ಲಿ ಕಾಣದೆ ಇದ್ದುದರಿಂದ ವಿದ್ವಾಂಸರು ಬಹುಕಾಲ ತಡಕಾಡಬೇಕಾಯಿತು.

ಆ ಗಂಟನ್ನು ಬಿಡಿಸಿದವರು ಫಿನ್ಲೆಂಡಿನ ಸಿಮೊ ಪರ್ಪೊಲ. ನಿನೆವೆಯಲ್ಲಿ ಸಿಕ್ಕ ಒಂದು ಮುರುಕು ಪತ್ರವನ್ನು ಅವರು ಹೊಸದಾಗಿ ಓದಿ, 1980ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಆ ಪತ್ರ ಹೇಳುವ ಸಂಗತಿ ಎದೆ ನಡುಗಿಸುವಂತಹದು. ಬ್ಯಾಬಿಲೋನಿಯಾದ ಕೆಲವರಿಗೆ ಅರಸನ ವಿರುದ್ಧದ ಪಿತೂರಿ ತಿಳಿಯುತ್ತದೆ. ಅವರಲ್ಲೊಬ್ಬ ಅರಸನಿಗೆ ವಿಷಯ ಮುಟ್ಟಿಸಬೇಕೆಂದು ಅಹವಾಲಿನ ನೆಪದಲ್ಲಿ ಬರುತ್ತಾನೆ. ಅಧಿಕಾರಿಗಳಿಬ್ಬರು ಅವನನ್ನು ತಡೆದು, ಅಹವಾಲು ಯಾರ ಕುರಿತು ಎಂದು ವಿಚಾರಿಸುತ್ತಾರೆ. ಅರ್ದ-ಮುಲಿಸ್ಸುವಿನ ಕುರಿತು ಎಂದು ಅವನು ಹೇಳುತ್ತಾನೆ. ಅವರು ಅವನ ಮುಖಕ್ಕೆ ಬಟ್ಟೆ ಮುಚ್ಚಿ ಕರೆದೊಯ್ದು, ‘ಅರಸನ ಮುಂದೆ ನಿಂತಿದ್ದೀಯೆ, ಹೇಳು’ ಎನ್ನುವ ಭಾವ ಬರುವಂತೆ ಮಾತನಾಡಿಸುತ್ತಾರೆ. ಮುಸುಕಿನೊಳಗಿನಿಂದಲೇ ಅವನು, ‘ನಿನ್ನ ಮಗ ಅರ್ದ-ಮುಲಿಸ್ಸು ನಿನ್ನನ್ನು ಕೊಲ್ಲುತ್ತಾನೆ’ ಎಂದುಬಿಡುತ್ತಾನೆ. ಮುಸುಕು ತೆಗೆದಾಗ ಎದುರಿಗಿದ್ದವನು ಅರ್ದ-ಮುಲಿಸ್ಸು. ಸುದ್ದಿ ತಂದವನನ್ನೂ ಅವನ ಜೊತೆಗಾರರನ್ನೂ ಕೊಲ್ಲಿಸಲಾಯಿತು. ಬೈಬಲಿನ ಅದ್ರಮ್ಮೆಲೆಕ್ ಎಂಬುದು ಅರ್ದ-ಮುಲಿಸ್ಸು ಎಂಬ ಹೆಸರೇ ಬಾಯಿಂದ ಬಾಯಿಗೆ ಸವೆದು ಬಂದ ರೂಪವೆಂದು ಇಂದು ಬಹುಮಟ್ಟಿಗೆ ಒಪ್ಪಲಾಗಿದೆ. ಅರಸನನ್ನು ಉಳಿಸಲು ಹೊರಟು ಪ್ರಾಣ ತೆತ್ತವನ ಮಾತು 2600 ವರ್ಷಗಳ ನಂತರವಾದರೂ ಕೇಳಬೇಕಾದವರ ಕಿವಿಗೆ ಬಿತ್ತು.

ಇದೇ ಘಟನೆಯನ್ನು ಎಸರ್ಹದ್ದೋನ ತನ್ನ ಶಾಸನದಲ್ಲಿ ಹೇಳುವ ರೀತಿಯೇ ಬೇರೆ. ಅಣ್ಣಂದಿರು ಹುಚ್ಚರಾದರು, ದೇವರ ಒಪ್ಪಿಗೆಯಿಲ್ಲದೆ ನಿನೆವೆಯ ನಡುವೆ ಆಯುಧ ಹಿರಿದರು, ಸಿಂಹಾಸನಕ್ಕಾಗಿ ಆಡಿನ ಮರಿಗಳಂತೆ ಒಬ್ಬರನ್ನೊಬ್ಬರು ಹಾಯ್ದರು ಎಂದೆಲ್ಲ ವಿವರವಾಗಿ ಬರೆಸಿದವನು ತಂದೆಯ ಕೊಲೆಯ ವಿಷಯವನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆ ಹರಿದುಕೊಂಡು ರೋದಿಸಿದೆ, ಸಿಂಹದಂತೆ ಗರ್ಜಿಸಿದೆ ಎನ್ನುತ್ತಾನೆ. ಯಾವ ಸುದ್ದಿಗಾಗಿ ಎಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಚಳಿಗಾಲದ ಹಿಮವನ್ನು ಲೆಕ್ಕಿಸದೆ, ಕುದುರೆಗಳನ್ನಾಗಲಿ ಸೈನ್ಯವನ್ನಾಗಲಿ ಸಜ್ಜುಗೊಳಿಸಲು ನಿಲ್ಲದೆ ಅವನು ನಿನೆವೆಯತ್ತ ನಡೆದ. ದಾರಿಯಲ್ಲಿ ಎದುರಾದ ಅಣ್ಣಂದಿರ ಸೈನಿಕರು ‘ಇವನೇ ನಮ್ಮ ಅರಸ’ ಎಂದು ಪಕ್ಷ ಬದಲಿಸಿದರು. ತೆಬೆತು ಮಾಸದ 20ರಿಂದ ಅದರು ಮಾಸದ 2ರವರೆಗೆ, ಅಂದರೆ ಸುಮಾರು ಆರು ವಾರ, ದಂಗೆ ನಡೆಯಿತೆಂದು ವೃತ್ತಾಂತ ದಾಖಲಿಸಿದೆ. ಕೊಲೆಗಾರರು ಉತ್ತರದ ಬೆಟ್ಟಗಳ ಕಡೆ ತಪ್ಪಿಸಿಕೊಂಡರು. ‘ಅಶ್ಶೂರ ಕೊಟ್ಟ ತಮ್ಮ’ ಅಣ್ಣಂದಿರಿಲ್ಲದ ಅರಮನೆಯಲ್ಲಿ ಅರಸನಾದ.

ಹನ್ನೆರಡು ವರ್ಷ ಆಳಿದ ಎಸರ್ಹದ್ದೋನನನ್ನು ಈ ಆರು ವಾರಗಳು ಕೊನೆಯವರೆಗೂ ಬಿಡಲಿಲ್ಲ. ಅವನು ದೇವರ ಮುಂದೆ ಕೇಳಿಸಿದ ಶಕುನಪ್ರಶ್ನೆಗಳು ನೂರಾರು ಮಣ್ಣಿನ ಹಲಗೆಗಳ ಮೇಲೆ ಉಳಿದಿವೆ. ಅವುಗಳಲ್ಲಿ ಎಷ್ಟೋ ಪ್ರಶ್ನೆಗಳು ನಂಬಿಕೆಗೆ ಸಂಬಂಧಿಸಿದವು: ಈ ಅಧಿಕಾರಿ ದಂಗೆ ಏಳುವನೆ, ಅಂಗರಕ್ಷಕರು ಕೈ ಎತ್ತುವರೆ, ಬಂಧುಗಳಲ್ಲಿ ಯಾರಾದರೂ ಕೇಡು ಬಗೆದಿರುವರೆ? ಜೊತೆಗೆ ಅವನಿಗೆ ದೀರ್ಘಕಾಲದ ಕಾಯಿಲೆಯಿತ್ತು. ಜ್ವರ, ಚರ್ಮದ ಮೇಲಿನ ಗುಳ್ಳೆಗಳು, ನಿಶ್ಶಕ್ತಿ ಇವುಗಳ ಬಗ್ಗೆ ವೈದ್ಯರು ಮತ್ತು ಮಂತ್ರವಾದಿಗಳು ಬರೆದ ಪತ್ರಗಳು ಸಿಕ್ಕಿವೆ. ತಾನು ಹೆಚ್ಚು ಕಾಲ ಉಳಿಯಲಾರೆನೆಂಬ ಅರಿವು, ತಾನು ಹೋದ ಮರುದಿನವೇ ಮಕ್ಕಳು ಕತ್ತಿ ಹಿರಿಯಬಹುದೆಂಬ ಭಯ ಎರಡೂ ಸೇರಿ ಅವನ ಮುಂದಿನ ನಿರ್ಧಾರವನ್ನು ರೂಪಿಸಿದವು.

ಮೊದಲು ಸಿನ್-ನಾದಿನ್-ಅಪ್ಲಿ ಎಂಬ ಮಗನ ಹೆಸರು ಪರಿಶೀಲನೆಗೆ ಬಂದಿತ್ತು. ‘ಈ ಕಾಗದದಲ್ಲಿ ಹೆಸರು ಬರೆದಿರುವ ಮಗ ಉತ್ತರಾಧಿಕಾರದ ಅರಮನೆಯನ್ನು ಪ್ರವೇಶಿಸಬಹುದೆ?’ ಎಂದು ಶಮಶ್ ದೇವರನ್ನು ಕೇಳಿದ ಹಲಗೆ ಉಳಿದುಬಂದಿದೆ. ಆಮೇಲೆ ಆ ಹುಡುಗನ ಸುದ್ದಿಯೇ ಇಲ್ಲ. ಕ್ರಿ.ಪೂ. 672ರ ಆರಂಭದ ತಿಂಗಳುಗಳಲ್ಲಿ ರಾಣಿ ಎಶರ್ರಾ-ಹಮ್ಮತ್ ತೀರಿಕೊಂಡಳು. ಅಶ್ಶೂರ್ ನಗರದಲ್ಲಿ ಅವಳಿಗೊಂದು ಸಮಾಧಿ ಕಟ್ಟಿಸಿದರು. ಅವಳ ಆತ್ಮವು ತನ್ನನ್ನು ಭಕ್ತಿಯಿಂದ ಕಂಡ ಯುವರಾಜನನ್ನು ಹರಸಿ, ‘ಇವನ ಸಂತಾನ ಅಸ್ಸೀರಿಯಾವನ್ನು ಆಳಲಿ’ ಎಂದಿತೆಂದು ಅರಮನೆಯ ವಿದ್ವಾಂಸನೊಬ್ಬ ಬರೆದಿದ್ದಾನೆ. ಅದೇ ವರ್ಷದ ಅಯ್ಯಾರು ಮಾಸದಲ್ಲಿ ಎಸರ್ಹದ್ದೋನ ಸಾಮ್ರಾಜ್ಯದ ಮೂಲೆಮೂಲೆಗಳ ಅಧಿಕಾರಿಗಳನ್ನು, ಸಾಮಂತರನ್ನು ಕರೆಸಿ ತನ್ನ ತೀರ್ಮಾನಕ್ಕೆ ಪ್ರಮಾಣ ಮಾಡಿಸಿದ. ಅಶುರ್‌ಬನಿಪಾಲ ಅಸ್ಸೀರಿಯಾದ ಯುವರಾಜ, ಶಮಶ್-ಶುಮು-ಉಕಿನ್ ಬ್ಯಾಬಿಲೋನಿನ ಯುವರಾಜ. ಕಿರಿಯ ಗಂಡುಮಕ್ಕಳಿಬ್ಬರು ಮುಂದೆ ಅರ್ಚಕರಾದರು, ಒಬ್ಬ ಅಶ್ಶೂರನ ಗುಡಿಯಲ್ಲಿ, ಇನ್ನೊಬ್ಬ ಹರ್ರಾನಿನ ಸಿನ್ ಗುಡಿಯಲ್ಲಿ.

ಅರಮನೆಯ ಮಂತ್ರವಾದಿ ಅದದ್-ಶುಮು-ಉಸುರ್ ಅರಸನಿಗೆ ಬರೆದ ಅಭಿನಂದನೆ ಹೀಗಿದೆ: ‘ಸ್ವರ್ಗದಲ್ಲೂ ಆಗದಿದ್ದ ಕೆಲಸವನ್ನು ನನ್ನ ಒಡೆಯ ಭೂಮಿಯ ಮೇಲೆ ಮಾಡಿ ನಮಗೆ ತೋರಿಸಿದ್ದಾನೆ. ಒಬ್ಬ ಮಗನಿಗೆ ಪಟ್ಟ ಕಟ್ಟಿ ಅಸ್ಸೀರಿಯಾದ ಅರಸುತನವನ್ನು ಒಪ್ಪಿಸಿದೆ, ನಿನ್ನ ಹಿರಿಯ ಮಗನನ್ನು ಬ್ಯಾಬಿಲೋನಿನ ಅರಸುತನಕ್ಕೆ ನಿಲ್ಲಿಸಿದೆ.’ ಹಿರಿಯ ಮಗನಿಗೆ ಬ್ಯಾಬಿಲೋನ್ ಎಂಬ ಮಾತು ಇಲ್ಲಿ ಮುಖ್ಯ. ಸಾಮ್ರಾಜ್ಯವನ್ನು ಹೀಗೆ ಒಡೆದದ್ದು ಎಸರ್ಹದ್ದೋನನ ಅವಿವೇಕವೆಂದು ಹಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಣ್ಣನನ್ನು ಬರಿಗೈಯಲ್ಲಿ ಬಿಟ್ಟು ತಮ್ಮನಿಗೆ ಎಲ್ಲವನ್ನೂ ಕೊಟ್ಟರೆ ಏನಾಗುತ್ತದೆಂಬುದನ್ನು ಎಸರ್ಹದ್ದೋನನಿಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ತನ್ನ ತಂದೆ ಮಾಡಿದ ತಪ್ಪನ್ನು ತಾನು ಮಾಡಬಾರದೆಂದು, ಹಿರಿಯವನಿಗೂ ಒಂದು ಸಿಂಹಾಸನ, ಅದೂ ಲೋಕದಲ್ಲೆಲ್ಲ ಪವಿತ್ರವೆನಿಸಿದ ನಗರದ ಸಿಂಹಾಸನ, ಸಿಗುವಂತೆ ಅವನು ಏರ್ಪಡಿಸಿದ. ಸೆನ್ನಾಕೆರಿಬ ಕೆಡವಿದ ಬ್ಯಾಬಿಲೋನನ್ನು ಎಸರ್ಹದ್ದೋನ ವರ್ಷಗಟ್ಟಲೆ ಮತ್ತೆ ಕಟ್ಟಿಸಿದ್ದನ್ನು ಇದರ ಜೊತೆಗೆ ಇಟ್ಟು ನೋಡಬೇಕು. ಇದು ಪೆಟ್ಟು ತಿಂದವನು ಮಾಡಿದ ಎಚ್ಚರದ ಏರ್ಪಾಡು.

ಪ್ರಮಾಣದ ಪಾಠ ಇಂದು ನಮ್ಮ ಕೈಯಲ್ಲಿದೆ. 1955ರಲ್ಲಿ ಮ್ಯಾಕ್ಸ್ ಮ್ಯಾಲೊವನ್ನರ ತಂಡ ಅಸ್ಸೀರಿಯಾದ ಹಳೆಯ ರಾಜಧಾನಿಯಾದ ನಿಮ್ರೂದಿನ ನಬು ದೇವರ ಗುಡಿಯ ಆವರಣದಲ್ಲಿದ್ದ ಸಿಂಹಾಸನದ ಕೋಣೆಯಲ್ಲಿ 350ಕ್ಕೂ ಹೆಚ್ಚು ಚೂರುಗಳನ್ನು ಹೊರತೆಗೆಯಿತು. ಡೊನಾಲ್ಡ್ ವೈಸ್‌ಮನ್ ಅವುಗಳನ್ನು ಜೋಡಿಸಿ 1958ರಲ್ಲಿ ಪ್ರಕಟಿಸಿದರು. ಪೂರ್ವದ ಬೆಟ್ಟನಾಡಿನ ಮೀಡರ ಊರೊಡೆಯರು ಮಾಡಿದ ಪ್ರಮಾಣಗಳು ಅವು. 2009ರಲ್ಲಿ ತುರ್ಕಿಯ ತೆಲ್ ತಾಯಿನಾತಿನ ಗುಡಿಯೊಂದರಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಆ ಹಲಗೆಯಲ್ಲಿ ಆರಪಾರ ರಂಧ್ರವಿದೆ. ದೇವರ ಮುಂದೆ ನಿಲ್ಲಿಸಿ ಇಡಲೆಂದು ಮಾಡಿದ್ದು. ‘ಇದನ್ನು ನಿಮ್ಮ ದೇವರಂತೆ ಕಾಪಾಡಿಕೊಳ್ಳಿ’ ಎಂದು ಪಾಠದಲ್ಲೇ ಆಜ್ಞೆಯಿದೆ. ಅರಸನ ಮುದ್ರೆಯ ಬದಲು ಅಶ್ಶೂರ ದೇವರದೇ ಮೂರು ಮುದ್ರೆಗಳನ್ನು ಅದರ ಮೇಲೆ ಒತ್ತಲಾಗಿದೆ.

ಸುಮಾರು 670 ಸಾಲುಗಳ ಈ ಪಾಠವನ್ನು ಓದುತ್ತಾ ಹೋದರೆ ಒಬ್ಬ ತಂದೆ ರಾತ್ರಿಯೆಲ್ಲ ಎಚ್ಚರವಿದ್ದು ಏನೇನು ಕೇಡು ಬರಬಹುದೆಂದು ಎಣಿಸಿದಂತೆ ಭಾಸವಾಗುತ್ತದೆ. ಅಶುರ್‌ಬನಿಪಾಲನ ವಿರುದ್ಧ ಕೆಟ್ಟ ಮಾತು ಕಿವಿಗೆ ಬಿದ್ದರೆ ಅಡಗಿಸಬಾರದು. ಆ ಮಾತು ಶತ್ರುವಿನ ಬಾಯಿಂದ ಬಂದಿರಲಿ, ಮಿತ್ರನಿಂದ ಬಂದಿರಲಿ, ಅವನ ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು, ದಾಯಾದಿಗಳಿಂದಲೇ ಬಂದಿರಲಿ, ಮೈಮೇಲೆ ದೇವರು ಬಂದವನೇ ನುಡಿದಿರಲಿ, ಅರಮನೆಗೆ ತಿಳಿಸಲೇಬೇಕು. ಅಶುರ್‌ಬನಿಪಾಲನನ್ನು ನಿಮ್ಮಂತೆಯೇ ಪ್ರೀತಿಸಬೇಕು. ಅವನಿಗೂ ಅವನ ಒಡಹುಟ್ಟಿದವರಿಗೂ ನಡುವೆ ಕಿಚ್ಚು ಹಚ್ಚಬಾರದು. ಮುಖಕ್ಕೆ ಮುಸುಕು ಹಾಕಿಸಿಕೊಂಡು ಸತ್ತವನ ಕಥೆಯನ್ನು ಕೇಳಿದ ಮೇಲೆ ಈ ಷರತ್ತುಗಳು ಎಲ್ಲಿಂದ ಹುಟ್ಟಿದವೆಂದು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಆಮೇಲೆ ಶಾಪಗಳು. ತಿಂದ ರೊಟ್ಟಿ, ಕುಡಿದ ದ್ರಾಕ್ಷಾರಸ ಕರುಳಿಗೆ ಇಳಿಯುವಂತೆ ಈ ಆಣೆ ನಿಮ್ಮ ಕರುಳಿಗೂ ನಿಮ್ಮ ಮಕ್ಕಳ ಕರುಳಿಗೂ ಇಳಿಯಲಿ. ಆಣೆ ಮುರಿದರೆ ತಾಯಿ ಮಗಳಿಗೆ ಬಾಗಿಲು ಮುಚ್ಚಲಿ, ಹಸಿವಿನಿಂದ ಹೆತ್ತ ಮಕ್ಕಳ ಮಾಂಸವನ್ನೇ ನೀವು ತಿನ್ನುವಂತಾಗಲಿ. ಈ ಕೊನೆಯ ಶಾಪವನ್ನು ದಯವಿಟ್ಟು ನೆನಪಿನಲ್ಲಿಡಿ.

ಅರಮನೆಯ ಒಳಗಿನ ಬದುಕಿನ ಒಂದು ಪುಟ್ಟ ಕಿಟಕಿ ಇದೇ ವರ್ಷಗಳಲ್ಲಿ ತೆರೆದುಕೊಳ್ಳುತ್ತದೆ. ಎಸರ್ಹದ್ದೋನನ ಹಿರಿಯ ಮಗಳು ಶೆರೂಆ-ಎಟಿರತ್ ತನ್ನ ಸೋದರ ಅಶುರ್‌ಬನಿಪಾಲನ ಹೆಂಡತಿ ಲಿಬ್ಬಾಲಿ-ಶರ್ರತಳಿಗೆ ಬರೆದ ಪತ್ರ ಅದು. ‘ರಾಜಪುತ್ರಿಯ ಮಾತು’ ಎಂದು ಆರಂಭಿಸಿ, ಕುಶಲ ಪ್ರಶ್ನೆಯನ್ನೂ ಕೇಳದೆ, ‘ನೀನೇಕೆ ನಿನ್ನ ಹಲಗೆ ಬರೆಯುವುದಿಲ್ಲ, ಪಾಠ ಒಪ್ಪಿಸುವುದಿಲ್ಲ?’ ಎಂದು ಗದರಿಸುತ್ತಾಳೆ. ಹೀಗೆಯೇ ಮುಂದುವರಿದರೆ, ‘ಶೆರೂಆ-ಎಟಿರತಳ ಮನೆಯ ಹೆಣ್ಣು ಇವಳೇನಾ’ ಎಂದು ಜನ ಆಡಿಕೊಳ್ಳುತ್ತಾರೆ ಎನ್ನುತ್ತಾಳೆ. ತಾನು ಲೋಕದೊಡೆಯನ ಹಿರಿಯ ಮಗಳು, ನೀನಾದರೋ ಸೊಸೆ, ಯುವರಾಜ ಅಶುರ್‌ಬನಿಪಾಲನ ಮನೆಯೊಡತಿ ಎಂದು ಸ್ಥಾನವನ್ನು ನೆನಪಿಸಿ ಪತ್ರ ಮುಗಿಸುತ್ತಾಳೆ. ತಂದೆಯನ್ನು ಹೆಸರಿಸುವಾಗ ಅವಳು ಬಳಸಿದ್ದು ಅಜ್ಜ ಇಟ್ಟ ಹೊಸ ಹೆಸರನ್ನು. ಉಪನ್ಯಾಸದಲ್ಲಿ ಈ ಪತ್ರವನ್ನು ಓದಿದಾಗ ಸಭೆಯಲ್ಲಿದ್ದ ಹೆಂಗಸರ ಮುಖದಲ್ಲಿ ಮೂಡಿದ ನಗು, ಅತ್ತೆಮನೆಯ ಮಾತು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆಂಬುದಕ್ಕೆ ಸಾಕ್ಷಿಯಾಗಿತ್ತು. ಇಷ್ಟು ಮಾತ್ರವಲ್ಲ, ಕ್ರಿ.ಪೂ. ಏಳನೆಯ ಶತಮಾನದ ಅರಮನೆಯಲ್ಲಿ ಸೊಸೆ ಓದುಬರಹ ಕಲಿಯದೆ ಇದ್ದರೆ ಮನೆತನದ ಮರ್ಯಾದೆಗೆ ಕುಂದು ಎಂದು ನಂಬಿದ್ದರೆಂಬುದೂ ಇದರಿಂದ ತಿಳಿಯುತ್ತದೆ. ಅಶುರ್‌ಬನಿಪಾಲ ತಾನು ಪ್ರಳಯಕ್ಕಿಂತ ಹಿಂದಿನ ಶಾಸನಗಳನ್ನು ಓದಬಲ್ಲೆನೆಂದು ಹೇಳಿಕೊಂಡವನು, ನಿನೆವೆಯ ಮಹಾ ಗ್ರಂಥಾಲಯವನ್ನು ಬೆಳೆಸಿದವನು. ಅವನ ಸೋದರಿಯ ಕೈಯಲ್ಲೂ ಲೇಖನಿ ಹರಿತವಾಗಿತ್ತು.

ಎಸರ್ಹದ್ದೋನ ಕ್ರಿ.ಪೂ. 671ರಲ್ಲಿ ಈಜಿಪ್ಟಿನ ಮೆಂಫಿಸ್ ನಗರವನ್ನು ಗೆದ್ದು, ಅರಸ ತಹರ್ಕನ ಮಗನನ್ನು, ಅಂದರೆ ಇನ್ನೊಂದು ಮನೆತನದ ವಾರಸುದಾರನನ್ನು, ಸೆರೆಹಿಡಿದು ತಂದ. ಆ ವಿಜಯದ ನಂತರ ತುರ್ಕಿಯ ಝಿಂಜಿರ್ಲಿಯಲ್ಲಿ ನಿಲ್ಲಿಸಿದ ಶಿಲೆ ಈಗ ಬರ್ಲಿನಿನಲ್ಲಿದೆ. ಎದುರಿನಲ್ಲಿ ಅರಸ, ಅವನ ಕಾಲ ಬಳಿ ಸೆರೆಯಾಳುಗಳು. ಕಲ್ಲಿನ ಒಂದು ಬದಿಯಲ್ಲಿ ಅಸ್ಸೀರಿಯಾದ ಉಡುಪಿನಲ್ಲಿ ಅಶುರ್‌ಬನಿಪಾಲ, ಇನ್ನೊಂದು ಬದಿಯಲ್ಲಿ ಬ್ಯಾಬಿಲೋನಿನ ಉಡುಪಿನಲ್ಲಿ ಶಮಶ್-ಶುಮು-ಉಕಿನ್. ಮಕ್ಕಳಿಬ್ಬರೂ ಕಲ್ಲಿನ ಎದುರುಬದುರಿನ ಪಕ್ಕಗಳಲ್ಲಿ ಇರುವುದರಿಂದ ನೋಡುವವರಿಗೆ ಒಮ್ಮೆಗೆ ಒಬ್ಬನು ಮಾತ್ರ ಪೂರ್ತಿ ಕಾಣುತ್ತಾನೆ. ಇಬ್ಬರ ನಡುವೆ ತಂದೆಯ ಮೈ ಅಡ್ಡವಾಗಿದೆ.

ವಿಜಯದ ಹೊತ್ತಿನಲ್ಲೂ ಮನೆಗೆ ನೆಮ್ಮದಿಯಿರಲಿಲ್ಲ. ಹರ್ರಾನಿನ ಹೊರವಲಯದಲ್ಲಿ ದಾಸಿಯೊಬ್ಬಳ ಮೈಮೇಲೆ ದೇವರು ಬಂದು, ‘ಅರಸುತನ ಸಾಸಿ ಎಂಬವನದು, ಸೆನ್ನಾಕೆರಿಬನ ಹೆಸರನ್ನೂ ಬೀಜವನ್ನೂ ನಾಶ ಮಾಡುತ್ತೇನೆ’ ಎಂದು ನುಡಿದಳೆಂಬ ವರದಿ ಅರಮನೆಗೆ ಬಂತು. ಮತ್ತೆ ಅದೇ ಮಾತು, ಹೆಸರು ಮತ್ತು ಬೀಜ. ಕ್ರಿ.ಪೂ. 670ರಲ್ಲಿ ಅರಸ ತನ್ನ ಅಧಿಕಾರಿಗಳಲ್ಲಿ ಅನೇಕರನ್ನು ಕತ್ತಿಗೆ ಕೊಟ್ಟನೆಂದು ವೃತ್ತಾಂತ ಬರೆಯುತ್ತದೆ. ಮರುವರ್ಷ ಈಜಿಪ್ಟಿಗೆ ಮತ್ತೆ ದಂಡೆತ್ತಿ ಹೋಗುವ ದಾರಿಯಲ್ಲಿ ಎಸರ್ಹದ್ದೋನ ಕಾಯಿಲೆ ಬಿದ್ದು ತೀರಿಕೊಂಡ.

ಆಗ ಮುಂದೆ ಬಂದವಳು ಅಜ್ಜಿ ನಕಿಯಾ. ಝಕುತು ಎಂಬ ಹೆಸರಿನಲ್ಲಿ ಅವಳೇ ಹೊಸದೊಂದು ಪ್ರಮಾಣ ಮಾಡಿಸಿದಳು. ಶಮಶ್-ಶುಮು-ಉಕಿನ್, ಶಮಶ್-ಮೆತು-ಉಬಲ್ಲಿತ್ ಮತ್ತು ಉಳಿದ ಸಹೋದರರು, ಅರಸನ ಬಂಧುಗಳು, ಅಧಿಕಾರಿಗಳು, ಅಸ್ಸೀರಿಯಾದ ಗಂಡಸರು ಹೆಂಗಸರು ಎಲ್ಲರೂ ಅವಳ ಪ್ರೀತಿಯ ಮೊಮ್ಮಗ ಅಶುರ್‌ಬನಿಪಾಲನಿಗೆ ನಿಷ್ಠರಾಗಿರಬೇಕು. ಗಂಡನನ್ನು ಮಕ್ಕಳೇ ಕೊಂದದ್ದನ್ನು ಕಂಡವಳು, ಮಗನ ಮನೆಯಲ್ಲಿ ಅದು ಮತ್ತೆ ಆಗಬಾರದೆಂದು ಮೊದಲು ಮೊಮ್ಮಕ್ಕಳಿಂದಲೇ ಆಣೆ ಹಾಕಿಸಿಕೊಂಡಳು. ಅದು ಫಲಿಸಿತು. ರಕ್ತ ಹರಿಯದೆ ಅಶುರ್‌ಬನಿಪಾಲ ಪಟ್ಟಕ್ಕೆ ಬಂದ. ಕ್ರಿ.ಪೂ. 668ರಲ್ಲಿ ಶಮಶ್-ಶುಮು-ಉಕಿನ್ ಮರ್ದುಕ್ ದೇವರ ಮೂರ್ತಿಯೊಂದಿಗೆ ಬ್ಯಾಬಿಲೋನಿಗೆ ಹೋದ.

ಆಮೇಲಿನ ಹದಿನಾರು ವರ್ಷ ಇಬ್ಬರೂ ಜೊತೆಯಾಗಿಯೇ ಆಳಿದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸಹೋದರರ ಎರಡು ಶಿಲೆಗಳಿವೆ. ಎರಡರಲ್ಲೂ ಅರಸ ಗುಡಿ ಕಟ್ಟುವ ಕೂಲಿಯವನಂತೆ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತಿದ್ದಾನೆ. ತಮ್ಮನು ಅಣ್ಣನನ್ನು ‘ನನ್ನ ಮೆಚ್ಚಿನ ಸಹೋದರ’ ಎಂದು ಕರೆಯುತ್ತಾನೆ. ಆದರೆ ಅದೇ ಶಾಸನಗಳಲ್ಲಿ, ‘ಬ್ಯಾಬಿಲೋನಿನ ಅರಸುತನಕ್ಕೆ ನಾನೇ ಅವನನ್ನು ನೇಮಿಸಿದೆ’ ಎಂದೂ ಬರೆಸುತ್ತಾನೆ. ತಂದೆ ಕೊಟ್ಟದ್ದನ್ನು ತಾನು ಕೊಟ್ಟೆನೆಂದ ಈ ಒಂದು ಮಾತಿನಲ್ಲೇ ಮುಂದಿನ ಕೇಡಿನ ಬೇರಿತ್ತೆಂದು ನನ್ನ ಭಾವನೆ. ಬ್ಯಾಬಿಲೋನಿಯಾದ ದಕ್ಷಿಣದ ಅಧಿಕಾರಿಗಳು ಪಕ್ಕದಲ್ಲಿದ್ದ ಅರಸನನ್ನು ಬಿಟ್ಟು ನೇರವಾಗಿ ನಿನೆವೆಗೆ ಪತ್ರ ಬರೆಯುತ್ತಿದ್ದರು. ಅಣ್ಣ ಅರಸನೋ ತಮ್ಮನ ಅಧೀನನೋ ಎಂಬುದನ್ನು ಎಸರ್ಹದ್ದೋನನ 670 ಸಾಲುಗಳು ಇತ್ಯರ್ಥ ಮಾಡಿರಲಿಲ್ಲ. ಬರಬಹುದಾದ ಪ್ರತಿಯೊಂದು ದ್ರೋಹವನ್ನೂ ಎಣಿಸಿದ ತಂದೆಗೆ ದಿನದಿನದ ಅವಮಾನ ಲೆಕ್ಕಕ್ಕೆ ಸಿಕ್ಕಲಿಲ್ಲ.

ಕ್ರಿ.ಪೂ. 652ರಲ್ಲಿ ಶಮಶ್-ಶುಮು-ಉಕಿನ್ ಏಲಾಮಿನವರನ್ನೂ ಅರಬರನ್ನೂ ಕಲ್ದಾಯರನ್ನೂ ಜೊತೆ ಮಾಡಿಕೊಂಡು ದಂಗೆಯೆದ್ದ. ಆ ವರ್ಷ ಅಶುರ್‌ಬನಿಪಾಲ ಬ್ಯಾಬಿಲೋನಿನ ಪ್ರಜೆಗಳಿಗೆ ಬರೆದ ಪತ್ರದಲ್ಲಿ ಅಣ್ಣನ ಹೆಸರಿಲ್ಲ. ‘ಲಾ ಅಹು’ ಎಂದಿದೆ, ಸಹೋದರನಲ್ಲದವನು. ‘ಆ ಸಹೋದರನಲ್ಲದವನು ನಿಮಗೆ ಹೇಳಿದ ಗಾಳಿಮಾತುಗಳನ್ನೆಲ್ಲ ಕೇಳಿದ್ದೇನೆ, ಅವು ಬರೀ ಗಾಳಿ, ನಂಬಬೇಡಿ. ಲೋಕದ ಮುಂದೆ ಒಳ್ಳೆಯದಾಗಿರುವ ನಿಮ್ಮ ಹೆಸರನ್ನು ಕೆಡಿಸಿಕೊಳ್ಳಬೇಡಿ.’ ಹೆಸರಿನಲ್ಲೇ ‘ಅಹು’ ಎಂಬ ಮಾತನ್ನು ಹೊತ್ತಿದ್ದ ಎಸರ್ಹದ್ದೋನನ ಒಬ್ಬ ಮಗ ಇನ್ನೊಬ್ಬನನ್ನು ಕರೆದ ಬಗೆ ಇದು.

ಕ್ರಿ.ಪೂ. 650ರಿಂದ ಎರಡು ವರ್ಷ ಬ್ಯಾಬಿಲೋನಿಗೆ ಮುತ್ತಿಗೆ. ಊರಿನ ಜನ ಹಸಿವು ತಾಳಲಾರದೆ ಹೆತ್ತ ಮಕ್ಕಳ ಮಾಂಸವನ್ನೇ ತಿಂದರೆಂದು ಅಶುರ್‌ಬನಿಪಾಲನ ಶಾಸನ ಹೇಳುತ್ತದೆ. ಹಾಗೆಯೇ ನಡೆಯಿತೆ, ಅಥವಾ ಪ್ರಮಾಣಪತ್ರದ ಶಾಪ ಫಲಿಸಿತೆಂದು ತೋರಿಸಲು ಅದೇ ಮಾತನ್ನು ಆರಿಸಿಕೊಂಡರೇ? ಎರಡೂ ಸಾಧ್ಯ. ಕ್ರಿ.ಪೂ. 648ರಲ್ಲಿ ನಗರ ಬಿತ್ತು. ದೇವರುಗಳು ಶಮಶ್-ಶುಮು-ಉಕಿನನನ್ನು ಉರಿವ ಬೆಂಕಿಗೆ ಎಸೆದರು ಎಂದು ಶಾಸನ ಹೇಳುತ್ತದೆ. ತಮ್ಮ ಕೊಂದನೆಂದಾಗಲಿ ಅಣ್ಣ ತಾನೇ ಬಿದ್ದನೆಂದಾಗಲಿ ಹೇಳದೆ, ಎಸರ್ಹದ್ದೋನ ತಂದೆಯ ಕೊಲೆಯನ್ನು ನುಂಗಿಕೊಂಡಂತೆಯೇ ಅವನ ಮಗನೂ ಅಣ್ಣನ ಸಾವನ್ನು ದೇವರ ಮೇಲೆ ಹಾಕಿ ನುಂಗಿಕೊಂಡ. ಆದರೆ ಅಜ್ಜನ ಕೊಲೆಯ ಬಗ್ಗೆ ಅವನು ಬಾಯಿಬಿಟ್ಟ. ಸೆನ್ನಾಕೆರಿಬನನ್ನು ಕೆಡವಿದ ಬಾಗಿಲ ಕಾವಲು ಮೂರ್ತಿಗಳ ಬಳಿಯಲ್ಲೇ ಬ್ಯಾಬಿಲೋನಿನಲ್ಲಿ ಉಳಿದವರನ್ನು ಅಜ್ಜನಿಗೆ ಪಿಂಡವಿಟ್ಟಂತೆ ಬಲಿ ಕೊಟ್ಟೆ ಎಂದು ಬರೆಸಿದ. ಬೋರ್ಸಿಪ್ಪದ ಗುಡಿಯಲ್ಲಿದ್ದ ಅಣ್ಣನ ಶಿಲೆಯನ್ನು, ಬುಟ್ಟಿ ಹೊತ್ತ ಆ ಮೂರ್ತಿಯ ಮುಖವನ್ನು, ಯಾರೋ ಉದ್ದೇಶಪೂರ್ವಕವಾಗಿ ಜಜ್ಜಿದ್ದಾರೆ.

ಜನರ ನೆನಪು ಅರಮನೆಯ ಶಾಸನಕ್ಕಿಂತ ಮೃದುವಾಗಿತ್ತು. ಈಜಿಪ್ಟಿನ ಲಿಪಿಯಲ್ಲಿ ಅರಮೇಯಿಕ್ ಭಾಷೆಯನ್ನು ಬರೆದಿರುವ ಒಂದು ಪಪೈರಸ್ ಸುರುಳಿಯಲ್ಲಿ, ಯುದ್ಧ ಮುಗಿದು ಶತಮಾನಗಳೇ ಕಳೆದ ಮೇಲೆ, ಈ ಸಹೋದರರ ಕಥೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅವರು ಸರ್ಬನಬಲ್ ಮತ್ತು ಸರ್ಮುಗೆ. ಯುದ್ಧಕ್ಕೆ ಮೊದಲು ಅವರ ಸೋದರಿ ಸರಿತ್ರಾ ಬ್ಯಾಬಿಲೋನಿಗೆ ಹೋಗಿ, ದ್ವೇಷ ಬಿಟ್ಟು ನಿನೆವೆಗೆ ಬಾ ಎಂದು ಸರ್ಮುಗೆಯನ್ನು ಬೇಡಿಕೊಳ್ಳುತ್ತಾಳೆ. ಅವನು ಕೇಳುವುದಿಲ್ಲ. ಸರಿತ್ರಾ ಎಂದರೆ ಶೆರೂಆ-ಎಟಿರತ್, ತಮ್ಮನ ಹೆಂಡತಿಗೆ ಪಾಠ ಬರೆ ಎಂದು ಗದರಿಸಿದವಳು. ಅವಳ ಹೆಸರಿನ ಅರ್ಥ ‘ಶೆರೂಆ ದೇವಿ ಕಾಪಾಡುವವಳು’. ಈ ಸಂಧಾನ ನಿಜವಾಗಿ ನಡೆಯಿತೆಂದು ಹೇಳಲು ಅಸ್ಸೀರಿಯಾದ ದಾಖಲೆಯ ಆಧಾರವಿಲ್ಲ. ಆದರೆ ಆ ಮನೆಯಲ್ಲಿ ಇಂತಹ ಕೆಲಸಕ್ಕೆ ಹೋಗಬಲ್ಲವರು ಯಾರಾದರೂ ಇದ್ದರೆ ಅದು ಅವಳೇ ಎಂದು ಕಥೆ ಕಟ್ಟಿದವರಿಗೆ ಅನ್ನಿಸಿತ್ತು.

ಉಳಿದದ್ದನ್ನು ಬೇಗ ಹೇಳಬಹುದು. ಅಶುರ್‌ಬನಿಪಾಲನ ನಂತರ ಅವನ ಮಕ್ಕಳಾದ ಅಶ್ಶೂರ್-ಎತೆಲ್-ಇಲಾನಿ ಮತ್ತು ಸಿನ್-ಶರ್-ಇಶ್ಕುನ್ ಒಬ್ಬರ ಹಿಂದೊಬ್ಬರು ಆಳಿದರು. ಬ್ಯಾಬಿಲೋನ್ ನಬೊಪೊಲಾಸರನ ಕೈಗೆ ಹೋಯಿತು. ಕ್ರಿ.ಪೂ. 614ರಲ್ಲಿ ಮೀಡರು ಅಶ್ಶೂರ್ ನಗರವನ್ನು, 612ರಲ್ಲಿ ಬ್ಯಾಬಿಲೋನಿನವರೊಂದಿಗೆ ಸೇರಿ ನಿನೆವೆಯನ್ನು ಕೆಡವಿದರು. ಅರಮನೆಯ ಉಬ್ಬುಶಿಲ್ಪವೊಂದರಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಒಟ್ಟಿಗೆ ಕುಳಿತಿದ್ದ ಅಶುರ್‌ಬನಿಪಾಲ ಮತ್ತು ಲಿಬ್ಬಾಲಿ-ಶರ್ರತರ ಮುಖಗಳನ್ನು ಆಗ ಕೆತ್ತಿ ಹಾಳುಮಾಡಲಾಯಿತು. ನಿಮ್ರೂದಿನ ಸಿಂಹಾಸನದ ಕೋಣೆಯಲ್ಲಿದ್ದ ಪ್ರಮಾಣಪತ್ರಗಳನ್ನು ನೆಲಕ್ಕೆ ಬಡಿದು ಒಡೆದರು. ಮೀಡರ ಊರೊಡೆಯರು ಅಶುರ್‌ಬನಿಪಾಲನನ್ನು ತಮ್ಮಂತೆಯೇ ಪ್ರೀತಿಸುವೆವೆಂದು ಆಣೆಯಿಟ್ಟಿದ್ದ ಹಲಗೆಗಳೇ ಅವು. ಅಳಿದುಳಿದವರು ಪಶ್ಚಿಮದ ಹರ್ರಾನಿನಲ್ಲಿ ಅಶ್ಶೂರ್-ಉಬಲ್ಲಿತ್ ಎಂಬವನನ್ನು ಅರಸನಾಗಿ ಮಾಡಿಕೊಂಡರು. ‘ಅಶ್ಶೂರನು ಬದುಕಿಸಿದ್ದಾನೆ’ ಎಂಬುದು ಆ ಹೆಸರಿನ ಅರ್ಥ. ಎಂಟು ಶತಮಾನಗಳ ಹಿಂದೆ ಅಸ್ಸೀರಿಯಾವನ್ನು ದೊಡ್ಡ ರಾಜ್ಯವಾಗಿ ಎತ್ತಿ ನಿಲ್ಲಿಸಿದ ಅರಸನದೂ ಅದೇ ಹೆಸರು. ಆದರೆ ಪಟ್ಟಾಭಿಷೇಕ ಅಶ್ಶೂರ್ ನಗರದ ಗುಡಿಯಲ್ಲೇ ಆಗಬೇಕಿತ್ತು, ಆ ಗುಡಿ ಆಗಲೇ ಬೂದಿಯಾಗಿತ್ತು. ಆದ್ದರಿಂದ ಅವನ ಪ್ರಜೆಗಳ ಲೆಕ್ಕದಲ್ಲಿ ಅವನು ಕೊನೆಯವರೆಗೂ ಯುವರಾಜನಾಗಿಯೇ ಉಳಿದನೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಕ್ರಿ.ಪೂ. 609ರಲ್ಲಿ ಈಜಿಪ್ಟಿನ ಸೈನ್ಯದ ನೆರವಿನಿಂದ ಅವನು ಹರ್ರಾನನ್ನು ಮರಳಿ ಪಡೆಯಲು ಮುತ್ತಿಗೆ ಹಾಕಿ ವಿಫಲನಾದನೆಂದು ಬ್ಯಾಬಿಲೋನಿನ ವೃತ್ತಾಂತ ದಾಖಲಿಸಿದೆ. ಅದರ ಮುಂದಿನ ಸಾಲುಗಳಲ್ಲಿ ಅವನ ಹೆಸರಿಲ್ಲ.